60 ದಾಟಿದರೆ ಕ್ಯಾಂಪಿಂಗ್ ಟ್ರೇಲರ್ ಓಲಾಡ್ತದೆ, ಟೈರ್ ಬದಲಿಸಬೇಕಾ?

ಗಂಗಾವತಿಯಿಂದ ಪ್ರಶ್ನೆ:
ಸೆಕೆಂಡ್ ಹ್ಯಾಂಡ್ ಟ್ರೇಲರ್, ನೀರು-ಸಾಮಾನು ಸೇರಿ 750 ಕೆಜಿ. ಜೀಪಿಗೆ ಕಟ್ಟಿ ರಾಯಚೂರು ಕಡೆ ಹೊರಟರೆ 60 ದಾಟುತ್ತಲೇ ಬಾಲ ಬೀಸಿದಂಗ ಓಲಾಡತೈತ್ರಿ. 80 ಲೀಟರ್ ನೀರಿನ ಟ್ಯಾಂಕ್ ಹಿಂತುದಿಗೈತಿ.

ಬಳ್ಳಾರಿಯಿಂದ:
ಮೊದಲು ಟ್ಯಾಂಕ್ ಖಾಲಿ ಮಾಡಿ ಓಡಿಸಿ ನೋಡ್ರಿ. ಎತ್ತಿನ ಗಾಡಿ ಹಿಂಭಾರ ಆದರೆ ನೊಗ ಮೇಲೇಳುತ್ತಲ್ಲ, ಇದೂ ಹಂಗೇ. ಕೊಂಡಿ ಮೇಲೆ ಒಟ್ಟು ತೂಕದ ಶೇ 10ರಿಂದ 15, ಅಂದರೆ 75ರಿಂದ 110 ಕೆಜಿ ಬೀಳಬೇಕು. ನೆಲ ಸಮ ಇರುವಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು, ಮನೆಯ ತೂಕದ ಮೆಷಿನ್ ಮೇಲೆ ಮರದ ತುಂಡು ನಿಲ್ಲಿಸಿ, ಡ್ರಾಬಾರ್ (ಟ್ರೇಲರ್‌ನ ಮುಂದಿನ ಎಳೆಯುವ ದಂಡ) ತುದಿಯನ್ನು ಎಳೆಯುವ ಎತ್ತರದಲ್ಲೇ ಇಟ್ಟು ತೂಗಿ. ಜೀಪಿನ ಕೊಂಡಿಗೆ ಅಷ್ಟು ಭಾರ ಒಪ್ಪುತ್ತದಾ ಎಂದು ಮ್ಯಾನ್ಯುಯಲ್‌ನಲ್ಲಿ ನೋಡಿಕೊಳ್ಳಿ. ಓಲಾಟ ಶುರುವಾದಾಗ ದಯವಿಟ್ಟು ಬ್ರೇಕ್ ತುಳಿಯಬೇಡಿ; ಆಕ್ಸಿಲರೇಟರ್ ಬಿಟ್ಟು ಸ್ಟೇರಿಂಗ್ ನೇರ ಹಿಡೀರಿ.

ಸಿಂಧನೂರಿನಿಂದ:
ಟೈರ್ ಪಕ್ಕದಲ್ಲಿ 2319 ಅಂತಿದ್ದರೆ 2019ರ 23ನೇ ವಾರದ್ದು. ಹಲ್ಲು ಎಷ್ಟೇ ಉಳಿದಿರಲಿ, ಅಷ್ಟು ಹಳೆಯದನ್ನು ನಮ್ಮ ಬಿಸಿಲಿಗೆ ನಂಬಬೇಡಿ. ಜಾಕ್ ಕೊಟ್ಟು ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಸಡಿಲ.

ಗಂಗಾವತಿಯಿಂದ:
ನೀರು ಎಲ್ಲಿಡಲಿ?

ಬಳ್ಳಾರಿಯಿಂದ:
20 ಲೀಟರಿನ ಕ್ಯಾನ್‌ಗಳಲ್ಲಿ, ಆಕ್ಸಲ್‌ಗೆ ತುಸು ಮುಂದೆ, ನೆಲಕ್ಕೆ ಬೆಲ್ಟ್ ಬಿಗಿದು. ಆಮೇಲೆ ಮತ್ತೆ ತೂಗಿ.