ಟೇರೇಸಿನ ಕೃತಕ ಹುಲ್ಲು: ಶೀಟಿನ ಅಡಿ ಮಾತ್ರ ನಾಯಿ ಮೂತ್ರದ ವಾಸನೆ, ಎಂತ ಮಾಡುವುದು?

ಬೊಗ್ಗಿಯ ಅಮ್ಮ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ. ಮಾರ್ಚಿನಲ್ಲಿ ಟೇರೇಸಿನ ಕಾಂಕ್ರೀಟಿನ ಮೇಲೆ 10 ಅಡಿ ಅಗಲ, 16 ಅಡಿ ಉದ್ದಕ್ಕೆ ಕೃತಕ ಹುಲ್ಲು ಹಾಸಿಸಿದೆವು. ನಮ್ಮ ಲ್ಯಾಬ್ರಡಾರ್ ಬೊಗ್ಗಿ ಮಳೆಗಾಲದಲ್ಲಿ ಅಂಗಳಕ್ಕೆ ಇಳಿದರೆ ಅರ್ಧ ಅಂಗಳವನ್ನೇ ಹೊತ್ತುಕೊಂಡು ಒಳಗೆ ಬರುತ್ತಾಳೆ. ಅದಕ್ಕೇ ಈ ಏರ್ಪಾಟು. ಅಡಿಕೆ ಒಣಗಿಸಲು ಟೇರೇಸಿಗೆ ಶೀಟಿನ ಮಾಡು ಹಾಕಿದ್ದು ಉಂಟು. ಹುಲ್ಲಿನ ಅರ್ಧ ಶೀಟಿನ ಅಡಿಗೆ ಬರುತ್ತದೆ, ಇನ್ನರ್ಧ ಹೊರಗೆ.

ಮೇ ತನಕ ಏನೂ ತೊಂದರೆ ಇರಲಿಲ್ಲ. ಮಳೆ ಶುರುವಾಗಿ ಎರಡು ವಾರಕ್ಕೆ ವಾಸನೆ ಎದ್ದಿತು. ಸುಮ್ನೆ ವಾಸನೆ ಅಲ್ಲ, ಮೆಟ್ಟಿಲು ಹತ್ತುವಾಗಲೇ ಕಣ್ಣು ಉರಿಯುತ್ತದೆ. ವಿಚಿತ್ರ ಎಂದರೆ ಶೀಟಿನ ಅಡಿಯ ಭಾಗದಲ್ಲಿ ಮಾತ್ರ. ದಿನಾ ಫಿನಾಯಿಲ್ ಹಾಕಿ ತೊಳೆದೆ. ಒಂದು ಗಂಟೆ ಪರಿಮಳ, ಆಮೇಲೆ ಎರಡೂ ಸೇರಿ ಇನ್ನೂ ಕಷ್ಟ. ಈಗ ಬೊಗ್ಗಿ ಪಾದ ನೆಕ್ಕುತ್ತಲೇ ಇರುತ್ತಾಳೆ. ಹುಲ್ಲೇ ಕಳಪೆಯಾ? ತೆಗೆದು ಬಿಸಾಡುವುದಾ?

ಅಡಿಕೆ ಅಂಗಳ (ಪೆರ್ಲ)

ಬಾವಿಗೆ ಹಾಕುವ ಬ್ಲೀಚಿಂಗ್ ಪೌಡರ್ ಇದ್ದರೆ ಎರಡು ಹಿಡಿ ಎರಚಿ. ಎಲ್ಲ ಹೋಗುತ್ತದೆ.

ಸಿಮೆಂಟು ಕೈ (ಉಪ್ಪಳ)

ಅಯ್ಯೋ ಬೇಡ ಮಾರಾಯ್ರೇ! ಮೂತ್ರದ ಯೂರಿಯಾವನ್ನು ಬ್ಯಾಕ್ಟೀರಿಯಾ ಒಡೆದಾಗ ಅಮೋನಿಯಾ ಆಗುತ್ತದೆ. ಅಕ್ಕನ ಕಣ್ಣು ಉರಿಯುವುದು ಅದಕ್ಕೇ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಮಿನ್ ಎಂಬ ವಿಷಗಾಳಿ ಏಳುತ್ತದೆ. ಶೀಟಿನ ಅಡಿ ಅದು ಹೋಗುವುದಾದರೂ ಎಲ್ಲಿಗೆ? ಫಿನಾಯಿಲನ್ನೂ ಇವತ್ತೇ ನಿಲ್ಲಿಸಿ ಅಕ್ಕಾ. ಅದು ನಾಯಿಯ ಪಾದಕ್ಕೆ ತಾಗುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ.

ಹುಲ್ಲಿಗೆ ಬಯ್ಯುವ ಮೊದಲು ಮೂರು ಪ್ರಶ್ನೆ. ನೀರು ಹೋಗುವ ಪೈಪು ಯಾವ ಬದಿಗೆ ಉಂಟು, ಶೀಟಿನ ಬದಿಗಾ? ಹುಲ್ಲಿನ ಮಧ್ಯೆ ಮರಳು ತುಂಬಿಸಿದ್ದಾರಾ? ಅಂಚಿಗೆ ಗಮ್ ಹೇಗೆ ಹಚ್ಚಿದ್ದಾರೆ?

ಒಂದು ಪರೀಕ್ಷೆಯನ್ನೂ ಮಾಡಿ. ವಾಸನೆ ಬರುವ ಜಾಗಕ್ಕೆ ಒಂದು ಬಕೆಟ್ ನೀರು ಹೊಯ್ದು ಪೈಪಿನ ಬಾಯಿಯ ಹತ್ತಿರ ನಿಲ್ಲಿ. ಎಷ್ಟು ಹೊತ್ತಿಗೆ ಬರುತ್ತದೆ, ಎಷ್ಟು ಬರುತ್ತದೆ ನೋಡಿ ಹೇಳಿ.

ಬೊಗ್ಗಿಯ ಅಮ್ಮ (ಬದಿಯಡ್ಕ)

ನೋಡಿದೆ ಅಣ್ಣ. ಪೈಪು ಶೀಟಿನ ಬದಿಗೇ ಉಂಟು. 15 ಲೀಟರ್ ಹೊಯ್ದೆ. ಐದು ನಿಮಿಷ ಕಳೆದ ಮೇಲೆ ಬೆರಳು ದಪ್ಪದ ಧಾರೆ, ಅದೂ ಸ್ವಲ್ಪ ಹೊತ್ತಿಗೆ ನಿಂತಿತು. ಆಮೇಲೆ ಹುಲ್ಲಿನ ಮೇಲೆ ಕಾಲಿಟ್ಟರೆ ಪಚಪಚ.

ದೋಸೆ ಸಟ್ಟುಗದಿಂದ ಪೈಪಿನ ಬದಿಯ ಅಂಚನ್ನು ಎಬ್ಬಿಸಿದೆ. (ಅದು ಇನ್ನು ದೋಸೆಗೆ ಆಗುವುದಿಲ್ಲ, ಬಿಡಿ.) ಅಂಚಿನ ಉದ್ದಕ್ಕೂ ಎಲ್ಲೂ ಕಡಿಯದೆ ಗಮ್ ಹಚ್ಚಿದ್ದಾರೆ, ಚಪಾತಿಗೆ ಅಂಚು ಕಟ್ಟಿದ ಹಾಗೆ. ಅದರ ಹಿಂದೆ ಅರ್ಧ ಇಂಚು ಕಪ್ಪು ನೀರು. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ತುಂಬಿಸಿದ್ದು ನಿಜ, ಹುಲ್ಲು ನೇರ ನಿಲ್ಲಲಿಕ್ಕೆ ಬೇಕು ಎಂದರು. ಹುಲ್ಲಿನ ಬೆನ್ನಿನ ತೂತುಗಳಲ್ಲಿ ಕಾಫಿ ಗಸಿಯ ಹಾಗೆ ಏನೋ ಕೂತಿದೆ.

ಸಿಮೆಂಟು ಕೈ (ಉಪ್ಪಳ)

ಹಾಗಾದರೆ ನಿಮ್ಮ ಹುಲ್ಲು ಸರಿಯೇ ಉಂಟು. ಹಾಕಿದವರು ಗಮ್ಮಿನಲ್ಲಿ ಒಂದು ಕಟ್ಟ ಕಟ್ಟಿ ಹೋಗಿದ್ದಾರೆ, ನಮ್ಮ ತೋಡಿಗೆ ಕಟ್ಟುವ ಹಾಗೆ.

ಹೊರಗಿನ ಅರ್ಧಕ್ಕೆ ಬಿದ್ದ ಮಳೆ ಹುಲ್ಲಿನ ಅಡಿಯಿಂದಲೇ ಪೈಪಿನ ಕಡೆಗೆ, ಅಂದರೆ ಶೀಟಿನ ಅಡಿಗೆ ಹರಿದು ಬರುತ್ತದೆ. ಅಲ್ಲಿ ಗಮ್ ತಡೆಯುತ್ತದೆ. ಮೇಲಿಂದ ಬೊಗ್ಗಿಯ ಪಾಲು ಬೇರೆ. ಶೀಟಿನ ಅಡಿ ತೊಳೆಯಲು ಮಳೆ ಇಲ್ಲ, ಒಣಗಿಸಲು ಬಿಸಿಲೂ ಇಲ್ಲ. ಹೊರಗಿನ ಅರ್ಧವನ್ನು ಮಳೆಯೇ ತೊಳೆಯುತ್ತದೆ. ಮೇ ತನಕ ಕಾದ ಶೀಟಿನ ಬಿಸಿಗೆ ಎಲ್ಲ ಅಲ್ಲಲ್ಲೇ ಆರಿ ಹೋಗುತ್ತಿತ್ತು, ಹಾಗಾಗಿ ಗೊತ್ತಾಗಲಿಲ್ಲ.

ಈಗ ಮಾಡುವುದು ಇಷ್ಟು. ಪೈಪಿನ ಬದಿಯ ಗಮ್ಮನ್ನು ಪುಟ್ಟಿ ಹಚ್ಚುವ ಚಪ್ಪಟೆ ಕತ್ತಿಯಿಂದ ಪೂರ್ತಿ ಕೆರೆದು ತೆಗೆಯಿರಿ, ಸಟ್ಟುಗದಿಂದ ಬೇಡ. ಉಳಿದ ಮೂರು ಬದಿಯಲ್ಲಿ ಅಡಿಗೊಂದು ಕಡೆ ಎರಡು ಇಂಚು ಗಮ್ ಕತ್ತರಿಸಿ ನೀರಿಗೆ ದಾರಿ ಬಿಡಿ. ಗಾಳಿಗೆ ಏಳದ ಹಾಗೆ ಮೂಲೆಗಳಲ್ಲಿ ಗಮ್ ಇದ್ದರೆ ಸಾಕು. ಮೊಳೆ ಹೊಡೆಯಲು, ಡ್ರಿಲ್ ಮಾಡಲು ಯಾರೇ ಹೇಳಿದರೂ ಕೇಳಬೇಡಿ, ಟೇರೇಸು ಸೋರುತ್ತದೆ.

ಎಂ ಸ್ಯಾಂಡ್ ಪೂರ್ತಿ ತೆಗೆಯಬೇಕು. ಅದರ ನುಣ್ಣಗಿನ ಪುಡಿಯೇ ತೂತು ಮುಚ್ಚಿದ್ದು. ಮರಳು ಮೂತ್ರವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹುಲ್ಲನ್ನು ಮಗುಚಿ ಹಾಕಿ, ಬೆನ್ನಿಗೆ ಪೈಪಿನಿಂದ ಜೋರಾಗಿ ನೀರು ಬಿಡಿ. ಆಗಲೂ ಬಿಡದ ತೂತಿಗೆ ತೆಂಗಿನ ಹಿಡಿಸೂಡಿಯ ಕಡ್ಡಿ. ಮುಂದೆ ಏನಾದರೂ ತುಂಬಿಸಲೇಬೇಕು ಎಂದಾದರೆ ಜಿಯೋಲೈಟ್ ಹರಳು ಸಿಗುತ್ತದೆ, ಅದು ಅಮೋನಿಯಾವನ್ನು ಹೀರುತ್ತದೆ. ಆದರೆ ಶೀಟಿನ ಅಡಿ ಹುಲ್ಲು ಖಾಲಿ ಇರುವುದೇ ಒಳ್ಳೆಯದು ಎಂದು ನನ್ನ ಲೆಕ್ಕ.

ಕಾಂಕ್ರೀಟೂ ಮೂತ್ರ ಕುಡಿದಿರುತ್ತದೆ. ಮೊದಲು ಬರೀ ನೀರಿನಲ್ಲಿ ತಿಕ್ಕಿ, ಫಿನಾಯಿಲಿನ ಅಂಶ ಪೂರ್ತಿ ಹೋಗಲಿ. ಆಮೇಲೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ ಎನ್‌ಜೈಮ್ ಕ್ಲೀನರ್ ಹೊಯ್ದು ಕಾಲು ಗಂಟೆ ಒದ್ದೆ ಇರಲು ಬಿಡಿ. ಫಿನಾಯಿಲ್ ಉಳಿದಿದ್ದರೆ ಈ ಕ್ಲೀನರ್ ಕೆಲಸ ಮಾಡುವುದಿಲ್ಲ. ಒಂದು ಪಾಲು ವಿನೆಗರಿಗೆ ಮೂರು ಪಾಲು ನೀರು ಸೇರಿಸಿಯೂ ತೊಳೆಯಬಹುದು, ವಾಸನೆ ತಕ್ಷಣ ತಗ್ಗುತ್ತದೆ. ಆದರೆ ಅದು ಹುಳಿ. ಸಿಮೆಂಟಿಗೆ ಆಗದು. ಕೂಡಲೇ ನೀರು ಹಾಕಿ.

ಪಾದಕ್ಕೆ ಮಾತ್ರ ನನ್ನ ಮದ್ದು ಇಲ್ಲ, ಮೃಗಾಸ್ಪತ್ರೆಗೆ ಕರೆದುಕೊಂಡು ಹೋಗಿ. ಒದ್ದೆಯಲ್ಲೇ ಇದ್ದರೆ ಬೆರಳ ಸಂದಿಯಲ್ಲಿ ಫಂಗಸ್ ಆಗುವುದುಂಟು.

ಮೂರು ಬೆಕ್ಕು (ಕುಂಬಳೆ)

ಮಧ್ಯೆ ಬಾಯಿ ಹಾಕುತ್ತೇನೆ. ಬೆಕ್ಕು ಇರುವ ಮನೆಯವರು ಫಿನಾಯಿಲನ್ನು ಹತ್ತಿರವೂ ತರಬೇಡಿ, ನಾಯಿಗಿಂತ ಬೆಕ್ಕಿಗೆ ಅದು ಜಾಸ್ತಿ ವಿಷ. ನಮ್ಮದು ಬಾಲ್ಕನಿ, ನೆಲ ಸಮತಟ್ಟು. ಹುಲ್ಲು ಹಾಕಬಹುದಾ?

ಸಿಮೆಂಟು ಕೈ (ಉಪ್ಪಳ)

ಇಳಿಜಾರು ಇಲ್ಲದಿದ್ದರೆ ಬೇಡ. 10 ಅಡಿಗೆ ಒಂದೂಕಾಲು ಇಂಚಾದರೂ ಇಳಿಯಬೇಕು. ಹುಲ್ಲಿನ ಅಡಿಗೆ ಡ್ರೈನೇಜ್ ಸೆಲ್ ಇಡಬಹುದು, ಟೇರೇಸ್ ತೋಟಕ್ಕೆ ಹಾಕುವ ಪ್ಲಾಸ್ಟಿಕ್ ಬಲೆ. ಆಗ ಹುಲ್ಲು ನೀರಿನಿಂದ ಮೇಲೆ ನಿಲ್ಲುತ್ತದೆ. ಆದರೆ ನೀರು ಕೆಳಗೆ ನಿಂತೇ ಇರುತ್ತದೆ, ಸೊಳ್ಳೆಗೆ ಮನೆ ಕಟ್ಟಿಕೊಟ್ಟ ಹಾಗೆ. ಮೊದಲು ಇಳಿಜಾರು ಮಾಡಿಸಿ.

ಬೊಗ್ಗಿಯ ಅಮ್ಮ (ಬದಿಯಡ್ಕ)

ಹತ್ತು ದಿನ ಕಳೆಯಿತು, ವಿಷಯ ಹೇಳಿಬಿಡುತ್ತೇನೆ. ಗಮ್ ತೆಗೆಯಲು ನನಗೂ ಇವರಿಗೂ ಎರಡು ಸಂಜೆ ಹಿಡಿಯಿತು. ಮರಳು ನಾಲ್ಕು ಬುಟ್ಟಿ ಬಂತು! ಕಾಂಕ್ರೀಟಿಗೆ ಎನ್‌ಜೈಮ್ ಮೂರು ಸಲ ಹಾಕಿದೆ. ಮೊದಲ ಸಲ ಏನೂ ವ್ಯತ್ಯಾಸ ಕಾಣಲಿಲ್ಲ, ಮೂರನೆಯದಕ್ಕೆ ವಾಸನೆ ಹೋಯಿತು. ಜೋರು ಮಳೆಯ ದಿನ ಮೂಗು ನೆಲಕ್ಕೆ ತಂದರೆ ಸ್ವಲ್ಪ ಉಂಟು. ಬಕೆಟ್ ನೀರು ಈಗ ಹೊಯ್ದು ಮುಗಿಸುವ ಮೊದಲೇ ಪೈಪಿನಲ್ಲಿ. ಡಾಕ್ಟರು ಪಾದಕ್ಕೆ ಮುಲಾಮು ಕೊಟ್ಟಿದ್ದಾರೆ, ಫಂಗಸ್ಸೇ.

ಕಾಂಕ್ರೀಟಿಗೆ ಮೂತ್ರ ಇಳಿಯದ ಹಾಗೆ ಕೋಟಿಂಗ್ ಈಗಲೇ ಹೊಡೆಯಬಹುದಾ?

ಸಿಮೆಂಟು ಕೈ (ಉಪ್ಪಳ)

ಆಟಿ ತಿಂಗಳಿನ ಈ ಜೋರು ಮಳೆಯಲ್ಲಿ ಕೋಟಿಂಗಾ? ಒದ್ದೆ ಕಾಂಕ್ರೀಟಿಗೆ ಹೊಡೆದರೆ ಗುಳ್ಳೆ ಎದ್ದು ಹಪ್ಪಳದ ಹಾಗೆ ಬಿಡುತ್ತದೆ. ದೀಪಾವಳಿ ಕಳೆಯಲಿ. ಆಗ ಒಂದು ತುಂಡು ಪ್ಲಾಸ್ಟಿಕ್ ಶೀಟನ್ನು ನಾಲ್ಕೂ ಬದಿಗೆ ಟೇಪ್ ಅಂಟಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಒಳಗೆ ಬೆವರು ಇಲ್ಲದಿದ್ದರೆ ಮಾತ್ರ ಹೊಡೆಯಿರಿ.

ಬೊಗ್ಗಿಯ ಅಮ್ಮ (ಬದಿಯಡ್ಕ)

ಆಯಿತು ಅಣ್ಣ, ದೊಡ್ಡ ಉಪಕಾರ. ತೆಗೆದ ಮರಳನ್ನು ಟೇರೇಸಿನ ಮೂಲೆಗೆ ಒಟ್ಟಿದ್ದೆ. ಬೊಗ್ಗಿ ನಿನ್ನೆಯಿಂದ ಹುಲ್ಲು ಬಿಟ್ಟು ಆ ರಾಶಿಯ ಮೇಲೆಯೇ ಹೋಗಿ ಕೂರುತ್ತಿದ್ದಾಳೆ.

ಸಿಮೆಂಟು ಕೈ (ಉಪ್ಪಳ)

ಇವತ್ತೇ ಕೆಳಗೆ ಇಳಿಸಿ ಅಕ್ಕಾ!