ಸಹಾಯ ಬೇಕು: ಒಂದು ಕಡೆ ನಿಲ್ಲದ ಕಪ್ಪು ಡ್ಯಾಷ್‌ಹಂಡ್ ನಾಯಿಯ ಫೋಟೋ

ಉಡುಪಿಯಲ್ಲಿ ಪರಿಚಯದವರ ನಾಯಿಯನ್ನು ಈ ವಾರ ನೋಡಿಕೊಳ್ಳಲಿಕ್ಕುಂಟು. ಅವರಿಗೆ ದಿನಕ್ಕೊಂದು ಒಳ್ಳೆ ಫೋಟೋ ಕಳಿಸಬೇಕು.

ಇರುವುದು ಎಪಿಎಸ್-ಸಿ (ಸ್ವಲ್ಪ ಸಣ್ಣ ಸೆನ್ಸರ್‌ನ) ಕ್ಯಾಮೆರಾ, 50 ಎಂಎಂ ಎಫ್/1.8 ಲೆನ್ಸ್. ಶಟರ್ 1/250 ಸೆಕೆಂಡ್ ಇಟ್ಟರೆ ಕೂತಾಗ ಸರಿ, ಓಡಿದರೆ ಕಾಲು, ಕಿವಿ ಮಸುಕು. 1/800ಕ್ಕೆ ಏರಿಸಿದರೆ ಈ ಮಳೆಗಾಲದ ಬೆಳಕಿಗೆ ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸೂಕ್ಷ್ಮತೆ) 6400 ದಾಟಿ ರೋಮವೆಲ್ಲ ಕಾಳುಕಾಳು. ಲೆನ್ಸ್ ಪೂರ್ತಿ ತೆರೆದು ಎಫ್/1.8ರಲ್ಲಿ ಹತ್ತಿರದಿಂದ ತೆಗೆದರೆ ಮೂಗು ಸ್ಪಷ್ಟ, ಕಣ್ಣು ಮಂಜು. ಮೂತಿ ಅಷ್ಟು ಉದ್ದ ಮಾರಾಯ್ರೆ! ತೆರವು ಕಿರಿದು ಮಾಡಿ ಎಫ್/2.8ಕ್ಕೆ ತಂದರೆ ಬೆಳಕು ಅರ್ಧಕ್ಕಿಂತಲೂ ಕಡಿಮೆ.

ಜಗಲಿಯಲ್ಲಿ ಹಿಂದೆ ಅಂಗಳದ ಬೆಳಕು ಬಂದರೆ ನಾಯಿ ಬರೀ ಕರಿ ಆಕಾರ. ಅದನ್ನೇ ಫ್ರೇಮ್ ತುಂಬಿಸಿದರೆ ಕ್ಯಾಮೆರಾದ ಬೆಳಕಿನ ಮೀಟರ್ ಕಪ್ಪನ್ನು ಬೂದಿ ಬಣ್ಣ ಮಾಡುತ್ತದೆ, ಆಗ ಎಕ್ಸ್‌ಪೋಷರ್ −1 ಕೊಟ್ಟು ಕಡಿಮೆ ಮಾಡಿದರೆ ಸರಿಯಾಗುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ನೆಲದಲ್ಲಿ ಮಲಗಿದರೆ ಕೋನ ಚಂದ, ಆದರೆ ಕೂಡಲೇ ಓಡಿ ಬಂದು ಲೆನ್ಸ್ ನೆಕ್ಕಿ, ಕ್ಯಾಮೆರಾದ ಪಟ್ಟಿ ಎಳೆಯುತ್ತದೆ. ಬೇಯಿಸಿದ ಕೋಳಿ ತುಂಡು ತೋರಿಸಿದರೆ ಎರಡು ಸೆಕೆಂಡ್ ನಿಲ್ಲುತ್ತದೆ, ಅಷ್ಟೇ.

ಕಪ್ಪು ಮುಖದಲ್ಲಿ ಕಪ್ಪು ಕಣ್ಣು ಹಿಡಿಯಲು ಕಂಟಿನ್ಯುಯಸ್ ಫೋಕಸ್‌ನ (ಓಡುವುದನ್ನು ಹಿಂಬಾಲಿಸುವ ಫೋಕಸ್) ಒಂದೇ ಪಾಯಿಂಟ್ ಒಳ್ಳೆಯದೋ, ಹಲವು ಪಾಯಿಂಟ್‌ಗಳ ಝೋನ್ ಒಳ್ಳೆಯದೋ? ಕಿಟಕಿಯ ಎದುರು ಬದಿಗೆ ಬೆಳಕು ವಾಪಸ್ ಬೀಳುವ ಹಾಗೆ ಬಿಳಿ ಮುಂಡು ಕಟ್ಟಿದರೆ ನೆರಳಿನ ಬದಿ ಸಾಕಷ್ಟು ತಿಳಿಯಾಗುತ್ತದಾ? ಫ್ಲ್ಯಾಶ್ ಬೇಡ, ಕಣ್ಣು ಹಸಿರಾಗಿ ಹೊಳೆಯುತ್ತದೆ.