ಬ್ಯಾಗ್ ಕೇಳಿದ್ರೆ ಬೆನ್ನು ತೋರಿಸ್ತಾರೆ! (ಸ್ಪೀಚ್ ಥೆರಪಿಸ್ಟ್ ಮೇಡಂಗೆ ಪ್ರಶ್ನೆಗಳು)

ಬರ್ಮಿಂಗ್‌ಹ್ಯಾಮ್ ನರ್ಸ್: ಮೇಡಂ, ಮೊನ್ನೆ ವಾರ್ಡಲ್ಲಿ ಒಬ್ಬ ಅಜ್ಜನ ಹತ್ರ ನಿಮ್ಮ ಬ್ಯಾಗ್ ನೋಡ್ಬಹುದಾ ಅಂತ ಇಂಗ್ಲಿಷಲ್ಲಿ ಕೇಳ್ದೆ, ಪಾಪ ತಿರುಗಿ ಅಂಗಿ ಎತ್ತಿ ಬೆನ್ನು ತೋರಿಸಿದ್ರು. ಗ್ ಅಂತ ಒತ್ತಿ ಹೇಳಿದ್ರೂ ಅಷ್ಟೇ.

ಥೆರಪಿಸ್ಟ್: ತಪ್ಪಿರೋದು ಗ್‌ನಲ್ಲಲ್ಲ, ಅದರ ಹಿಂದಿನ ಸ್ವರದಲ್ಲಿ. ಅಲ್ಲಿಯವರು ಪದದ ಕೊನೆಯ ಗ್, ಡ್, ಬ್‌ನ ಅರ್ಧ ನುಂಗ್ತಾರೆ, ಹಾಗಾಗಿ ಅವರ ಕಿವಿ ಸ್ವರದ ಉದ್ದ ನೋಡುತ್ತೆ. ಮುಂದೆ ಕ್, ಟ್, ಪ್, ಸ್ ಇದ್ರೆ ಸ್ವರ ಮೊಟಕು, ಗ್, ಡ್, ಬ್ ಇದ್ರೆ ಪೂರ್ತಿ. ಬಿಡಿ ಪದ ಹೇಳಿಸಿ ಅಳೆದ್ರೆ ಹೆಚ್ಚುಕಮ್ಮಿ 2ಕ್ಕೆ 3ರ ಲೆಕ್ಕ. ನಾವು ಬ್ಯಾಗ್, ಬ್ಯಾಕ್ (ಬೆನ್ನು) ಎರಡಕ್ಕೂ ಒಂದೇ ಅಳತೆಯ ಬ್ಯಾ ಹಾಕ್ತೀವಿ, ಆಮೇಲೆ ಗ್ ಒತ್ತಕ್ಕೆ ಹೋಗಿ ಬಸ್ಸು ಕಾರು ಅಂದ ಹಾಗೆ ಬ್ಯಾಗು ಮಾಡ್ತೀವಿ. ನೀವು ಬ್ಯಾsss ಅಂತ ಎಳೆದು ಗ್‌ನ ಸುಮ್ನೆ ಮುಟ್ಟಿ ಬಿಡಿ, ಬ್ಯಾಕ್‌ನ ಚಕ್ ಅಂತ ಕತ್ತರಿಸಿ. ರೆಕಾರ್ಡ್ ಮಾಡಿ ಕೊನೆಯಕ್ಷರ ಕಟ್ ಮಾಡಿ ಯಾರಿಗಾದ್ರೂ ಕೇಳಿಸಿ, ಆಗ್ಲೂ ಯಾವ್ದು ಯಾವ್ದು ಅಂತ ಗೊತ್ತಾಗ್ಬೇಕು. ನಂಗೂ ಕಳಿಸಿ.

ಕೆಲಸ ಹುಡುಕ್ತಿರೋನು: ಐಇಎಲ್‌ಟಿಎಸ್ ಕೋರ್ಸ್ ಇದ್ಯಾ ಮೇಡಂ, ಫೀಸ್ ಎಷ್ಟು?

ಮಂಡ್ಯ ಮೇಷ್ಟ್ರು: ದೀರ್ಘ ಅಂದ್ರೆ ಎರಡು ಮಾತ್ರೆ. ಬೀಟ್, ಬೀಡ್ ಎರಡ್ರಲ್ಲೂ ಬೀ. ಒಂದೂವರೆ ಮಾತ್ರೆ ಎಲ್ಲಿಂದ ಬಂತು?

ತುಮಕೂರು ಹುಡ್ಗ: ಪ್ರಸ್ತಾರ ಹಾಕಕ್ಕೆ ಇದೇನು ಷಟ್ಪದೀನಾ ಸಾರ್?

ಮಂಡ್ಯ ಮೇಷ್ಟ್ರು: ಪಾಠ ಮಾಡಿದ್ದು 30 ವರ್ಷ ಕಣಪ್ಪ. ಬಾಯಿ ಬಿಗಿ ಹಿಡಿ.

ಥೆರಪಿಸ್ಟ್: ಮೇಷ್ಟ್ರೇ, ನಮ್ಮಲ್ಲಿ ಬಿಡು ಬೇರೆ, ಬೀಡು ಬೇರೆ, ಅಲ್ಲಿ ಉದ್ದವೇ ಅರ್ಥ. ಇಂಗ್ಲಿಷಲ್ಲಿ ಬೀಟ್‌ನ ಬೀ ಎಷ್ಟೋ ಸಲ ಬಿಡ್‌ನ ಬಿ ಅಷ್ಟೇ ಇರುತ್ತೆ, ವ್ಯತ್ಯಾಸ ಗೊತ್ತಾಗೋದು ನಾಲಿಗೆ ನಿಲ್ಲೋ ಜಾಗದಿಂದ. ಕನ್ನಡ ಲಿಪೀಲಿ ಬರ್ಕೊಂಡು ವಾದ ಮಾಡಿದ್ರೆ ಇದು ಬಗೆಹರಿಯಲ್ಲ.

ಹಾಸನದ ಅಕ್ಕ: ಫಾರ್ವರ್ಡ್ ಬಂದಿತ್ತು, ಬಜೆ ತೇಯ್ದು ಜೇನುತುಪ್ಪದಲ್ಲಿ ನಾಲಿಗೆಗೆ ಹಚ್ಚಿದ್ರೆ 21 ದಿನದಲ್ಲಿ ಉಚ್ಚಾರ ಶುದ್ಧ, ಹಸುಗೂಸಿಗೂ ಕೊಡಬಹುದಂತೆ.

ಥೆರಪಿಸ್ಟ್: ದಯವಿಟ್ಟು ಡಿಲೀಟ್ ಮಾಡಿ. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಲೇಬಾರದು, ಬೊಟ್ಯುಲಿಸಂ ಅನ್ನೋ ವಿಷಬಾಧೆ ಆಗೋ ಅಪಾಯ ಇದೆ. ಬಜೆ ತೇದ್ರೆ ಸ್ವರ ಉದ್ದ ಆಗಲ್ಲ.

ಹಾಸನದ ಅಕ್ಕ: ನಮ್ಮಜ್ಜಿ ನಮಗೆಲ್ಲ ಹಚ್ಚಿದ್ರು, ಏನಾಗಿದೆ?

ತುಮಕೂರು ಹುಡ್ಗ: ಅದಕ್ಕೇ ಫಾರ್ವರ್ಡ್ ಮಾಡ್ತಿದ್ದೀರಿ 😂

ಧಾರವಾಡದಾಕಿ: ಮೇಡಂ, ಕಣ್ಣಿಗೂ ಐಸ್, ಮಂಜುಗಡ್ಡೆಗೂ ಐಸ್, ಹೆಂಗ ಹೇಳೂದ್ರಿ?

ಥೆರಪಿಸ್ಟ್: ಕಣ್ಣಿನದ್ರ ಕೊನೇಲಿ ಇರೋದು ಝ್, ಎಳೀರಿ. ಮಂಜುಗಡ್ಡೆಯದ್ರಲ್ಲಿ ಸ್, ಮೊಟಕು.

ಇನ್ನೊಬ್ರು: ರೈಟ್, ರೈಡ್?

ಥೆರಪಿಸ್ಟ್: ಮೇಲೆ ಓದಿ.

ಬರ್ಮಿಂಗ್‌ಹ್ಯಾಮ್ ನರ್ಸ್: ಮೇಡಂ, ಕಟ್ ಮಾಡಿ ಮನೆಯವರಿಗೆ ಕೇಳಿಸ್ದೆ, ಹತ್ರಲ್ಲಿ ಏಳು ಸರಿ ಹೇಳಿದ್ರು. ವಾಯ್ಸ್ ಕಳ್ಸಿದ್ದೀನಿ.

ಥೆರಪಿಸ್ಟ್: ಕೇಳ್ದೆ. ಬ್ಯಾಗ್ ಚೆನ್ನಾಗಿದೆ. ಬ್ಯಾಕ್ ಇನ್ನೂ ಎಳೀತಿದ್ದೀರಿ, ಅದನ್ನ ಕತ್ತರಿಸಿ.

ಕೆಲಸ ಹುಡುಕ್ತಿರೋನು: ಫೀಸ್ ಎಷ್ಟು ಮೇಡಂ??